ಗೇಟಿನ ಬಳಿ ಕೇಳುವ ಪ್ರಶ್ನೆಗಳು: ಶಿಷ್ಯರನ್ನು ಬೆಳೆಸುವ ಬಗ್ಗೆ ಕೋಲಾರದ ಒಂದು ಕ್ರೈಸ್ತ ಸಭೆಯ ಉತ್ತರಗಳು

ಪ್ರಸಂಗದ ನಡುವೆ ಯಾರೂ ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಆರಾಧನೆ ಮುಗಿದು ಚಪ್ಪಲಿ ಹುಡುಕುವಾಗ, ಬಸ್ಸಿಗೆ ಕಾಯುವಾಗ, ಒಮ್ಮೆ ಬೆಳಗಿನ ಜಾವ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವ ಗದ್ದಲದ ನಡುವೆಯೂ ನನ್ನನ್ನು ನಿಲ್ಲಿಸಿ ಕೇಳಿದ್ದಾರೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ನಾನು ಸಭಾಪಾಲಕನಲ್ಲ, ಅಂದರೆ ಪಾಸ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಒಂದು ಚಿಕ್ಕ ಗುಂಪಿನ ಹೊಣೆ ಹೊತ್ತಿರುವ ನಿವೃತ್ತ ಮೇಷ್ಟ್ರು. ಸಭಾಪಾಲಕರು ಇದನ್ನು ಓದಿ ಎರಡು ಕಡೆ ತಿದ್ದಿದರು. ಒಂದನ್ನು ಒಪ್ಪಿಕೊಂಡೆ.

ನಿಮ್ಮ ಸಭೆಯ ಮೂಲ ಯಾವುದು?

ಬರಗಾಲ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಆ ಬರವನ್ನು ಹಳಬರು ಧಾತು ಸಂವತ್ಸರದ ಬರ ಎಂದೇ ಕರೆಯುತ್ತಿದ್ದರು. ಆ ಕಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಸ್ ಆನ್‌ಸ್ಟಿ ಎಂಬ ಇಂಗ್ಲಿಷ್ ಮಹಿಳೆ ಕೋಲಾರದಲ್ಲಿ ಅನಾಥಾಲಯ ನಡೆಸಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ ವಹಿಸಿಕೊಂಡಿತು. ಊರಿನವರೆಲ್ಲ ಇ.ಟಿ.ಸಿ.ಎಂ. ಎಂದು ಕರೆಯುವ ಆಸ್ಪತ್ರೆ ಆಮೇಲೆ ಬಂದದ್ದು. ನಮ್ಮ ಸಭೆ ಆ ಮರದ ಒಂದು ಕೊಂಬೆ.

‘ಗಂಜಿಗಾಗಿ ಕ್ರೈಸ್ತರಾದವರು’ ಎಂದು ನಮ್ಮನ್ನು ಹಂಗಿಸುವವರು ಈಗಲೂ ಇದ್ದಾರೆ. ನಮ್ಮ ಮುತ್ತಜ್ಜ ಗಂಜಿಗಾಗಿಯೇ ಬಂದವನು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಹಸಿದ ಹುಡುಗ ಗಂಜಿ ಇರುವಲ್ಲಿಗೆ ಹೋಗದೆ ಇನ್ನೆಲ್ಲಿಗೆ ಹೋದಾನು? ಗಂಜಿ ಕುಡಿದ ಮೇಲೆ ಅವನು ಎಂಥ ಮನುಷ್ಯನಾದ ಎಂಬುದನ್ನು ಕೇಳಿ. ಶಿಷ್ಯತ್ವದ ವಿಷಯ ಅಲ್ಲಿಂದ ಶುರುವಾಗುತ್ತದೆ.

ಸಭೆಯ ಧ್ಯೇಯವನ್ನು ಒಂದೇ ಮಾತಿನಲ್ಲಿ ಹೇಳಿ.

ಯೇಸುವಿನಿಂದ ಕಲಿಯುವವರನ್ನು ಬೆಳೆಸುವುದು, ಅವರು ಇನ್ನೊಬ್ಬರಿಗೆ ಕಲಿಸುವಷ್ಟು.

ಇದು ನಾವು ಕಂಡುಹಿಡಿದದ್ದಲ್ಲ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಯೇಸು ಕೊಟ್ಟ ಅಪ್ಪಣೆ ಇದೇ. ಆ ಮಾತಿನ ಗ್ರೀಕ್ ಮೂಲದಲ್ಲಿ ಆಜ್ಞೆಯ ರೂಪದಲ್ಲಿರುವ ಕ್ರಿಯಾಪದ ಒಂದೇ: ಶಿಷ್ಯರನ್ನಾಗಿ ಮಾಡಿರಿ. ಹೋಗುವುದು, ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡುವುದು, ಉಪದೇಶಿಸುವುದು ಆ ಒಂದು ಕೆಲಸಕ್ಕೆ ಹೊಂದಿಕೊಂಡು ಬರುವ ಪದಗಳು. ನಾವು ಬಹಳ ಕಾಲ ಇದನ್ನು ತಲೆಕೆಳಗು ಮಾಡಿಕೊಂಡಿದ್ದೆವು. ಹೋಗುತ್ತಿದ್ದೆವು, ದೀಕ್ಷಾಸ್ನಾನ ಕೊಡುತ್ತಿದ್ದೆವು, ರಿಜಿಸ್ಟರಿನಲ್ಲಿ ಹೆಸರು ಬರೆದು ಮನೆಗೆ ಬರುತ್ತಿದ್ದೆವು.

ವಿಶ್ವಾಸಿಗೂ ಶಿಷ್ಯನಿಗೂ ಏನು ವ್ಯತ್ಯಾಸ?

ಹೊಸ ಒಡಂಬಡಿಕೆಯಲ್ಲಿ ‘ಕ್ರೈಸ್ತ’ ಎಂಬ ಪದ ಬರುವುದು ಮೂರೇ ಮೂರು ಸಲ. ‘ಶಿಷ್ಯ’ ಎಂಬ ಪದ ಇನ್ನೂರೈವತ್ತಕ್ಕೂ ಹೆಚ್ಚು ಸಲ ಬರುತ್ತದೆ. ಅಂತಿಯೋಕ್ಯದ ಜನ ಮೊದಲು ‘ಕ್ರೈಸ್ತರು’ ಎಂದು ಹೆಸರಿಟ್ಟದ್ದು ಕೂಡ ಶಿಷ್ಯರಿಗೇ (ಅಪೊಸ್ತಲರ ಕೃತ್ಯಗಳು 11:26). ಹಾಗಾಗಿ ವಿಶ್ವಾಸಿ ಸಾಮಾನ್ಯ ದರ್ಜೆ, ಶಿಷ್ಯ ವಿಶೇಷ ದರ್ಜೆ ಎಂದು ಎರಡು ಟಿಕೆಟ್ ಇಲ್ಲ.

ಪದದ ಬಗ್ಗೆ ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮೇಷ್ಟ್ರ ಚಾಳಿ. ಗ್ರೀಕ್ ಭಾಷೆಯ ‘ಮಥೇತೇಸ್’ ಎಂದರೆ ಕಲಿಯುವವನು. ನಮ್ಮ ‘ಶಿಷ್ಯ’ ಬಂದದ್ದು ‘ಶಾಸ್’ ಧಾತುವಿನಿಂದ; ಶಾಸನ, ಶಾಸ್ತ್ರ, ಅನುಶಾಸನ ಅದರ ನೆಂಟರು. ತಿದ್ದಿಸಿಕೊಳ್ಳಲು ಒಪ್ಪಿದವನೇ ಶಿಷ್ಯ. ಈ ನೆಲದಲ್ಲಿ ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಇದ್ದು ನೀರು ಹೊತ್ತು ಸೌದೆ ಒಡೆದು ಕಲಿತ ಪರಂಪರೆ ಇದೆ. ಯೇಸು ಹನ್ನೆರಡು ಜನರನ್ನು ಆರಿಸಿದ್ದು ಮೊದಲು ‘ತನ್ನ ಸಂಗಡ ಇರುವುದಕ್ಕೆ’ ಎಂದು ಮಾರ್ಕನು ಬರೆದಾಗ, ಅದನ್ನು ಅರ್ಥಮಾಡಿಕೊಳ್ಳಲು ಕನ್ನಡಿಗರಿಗೆ ವ್ಯಾಖ್ಯಾನ ಬೇಕಾಗಿಲ್ಲ.

ಹಾಗಾದರೆ ನೀವು ಮಾಡುವುದಾದರೂ ಏನು? ಕೋರ್ಸ್ ಇದೆಯೇ?

ಇತ್ತು. ಹನ್ನೆರಡು ವಾರದ ಪಾಠ, ಮುಗಿದ ಮೇಲೆ ಪ್ರಮಾಣಪತ್ರ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಒಬ್ಬರು ತಮ್ಮನ ಜೊತೆ ಜಮೀನಿನ ಬದುವಿಗಾಗಿ ನಡೆಯುತ್ತಿದ್ದ ಜಗಳವನ್ನು ಹಾಗೆಯೇ ಮುಂದುವರಿಸಿದರು. ಪಾಠ ತಪ್ಪಾಗಿರಲಿಲ್ಲ. ಆದರೆ ಬದುವಿನ ವಿಷಯ ಕೇಳುವ ಹಕ್ಕು ಅಲ್ಲಿ ಯಾರಿಗೂ ಇರಲಿಲ್ಲ.

ಈಗ ನಾವು ಮಾಡುವುದು ಹಳೆಯದನ್ನೇ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿಯ ಜೊತೆಗಾರರಿಗೆ ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸಬೇಕಾಗಿತ್ತು. ಹನ್ನೆರಡು ಜನರ ಒಂದೊಂದು ಗುಂಪು ಮಾಡಿ, ಗುಂಪಿಗೊಬ್ಬ ಮುಖಂಡನನ್ನು ಇಟ್ಟು, ತಲೆಗೆ ವಾರಕ್ಕೆ ಒಂದು ಪೆನ್ನಿ ಎತ್ತುವುದೆಂದು ಗೊತ್ತುಮಾಡಿದರು. ಹಣ ಎತ್ತಲು ಮನೆಮನೆಗೆ ಹೋದವರ ಕಣ್ಣಿಗೆ ಬೇರೆಯೇ ಸಂಗತಿಗಳು ಬಿದ್ದವು: ಒಬ್ಬ ಕುಡಿಯುತ್ತಿದ್ದಾನೆ, ಒಬ್ಬ ಹೆಂಡತಿಯ ಜೊತೆ ಕಾದಾಡುತ್ತಿದ್ದಾನೆ. ಸಾಲ ಎತ್ತುವ ಏರ್ಪಾಡು ಆತ್ಮಗಳನ್ನು ವಿಚಾರಿಸುವ ಏರ್ಪಾಡಾಯಿತು. ಮನೆಮನೆ ತಿರುಗುವುದು ಕಷ್ಟವೆಂದು ಮುಂದೆ ಎಲ್ಲರೂ ಒಂದೆಡೆ ಸೇರತೊಡಗಿದರು.

ಸ್ತ್ರೀಶಕ್ತಿ ಸಂಘದ ವಾರದ ಕಂತು ಕಂಡಿರುವ ನಮ್ಮ ಹೆಂಗಸರಿಗೆ ಈ ಕಥೆ ಹೇಳಿದಾಗ ಅವರು ನಕ್ಕರು. ಸಾಲದ ಪುಸ್ತಕ ಹಿಡಿದು ಸುತ್ತಾಗಿ ಕುಳಿತರೆ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ, ಇದನ್ನು ಕಲಿಯಲು ಇಂಗ್ಲೆಂಡಿಗೆ ಹೋಗಬೇಕಾಗಿತ್ತೇ ಎಂದು ಒಬ್ಬರು ಕೇಳಿದರು.

ಗುಂಪಿನಲ್ಲಿ ಏನು ನಡೆಯುತ್ತದೆ?

ನಮ್ಮವರು ಅದನ್ನು ಗುರುವಾರದ ಕೂಟ ಎನ್ನುತ್ತಾರೆ, ಬುಧವಾರ ಸೇರುವ ಗುಂಪಿಗೂ ಅದೇ ಹೆಸರು. ಎಂಟರಿಂದ ಹನ್ನೆರಡು ಜನ, ಯಾರದಾದರೂ ಮನೆ, ಒಂದೂಕಾಲು ಗಂಟೆ. ಒಂದು ಕೀರ್ತನೆ, ಸುವಾರ್ತೆಯಿಂದ ಹತ್ತು ಹದಿನೈದು ವಚನ. ಓದಿದ್ದರಲ್ಲಿ ಈ ವಾರ ಯಾವುದನ್ನು ಮಾಡಬೇಕು ಎಂದು ಪ್ರತಿಯೊಬ್ಬರೂ ಒಂದು ವಿಷಯ ಹೇಳುತ್ತಾರೆ. ಹೋದ ವಾರ ಹೇಳಿದ್ದು ಏನಾಯಿತು ಎಂದೂ ಹೇಳುತ್ತಾರೆ. ಆಮೇಲೆ ವೆಸ್ಲಿಯ ಕಾಲದಿಂದ ಬಂದ ಪ್ರಶ್ನೆ: ನಿಮ್ಮ ಆತ್ಮ ಹೇಗಿದೆ?

ಈ ಪ್ರಶ್ನೆ ಕನ್ನಡದಲ್ಲಿ ಮೊದಮೊದಲು ಬಹಳ ಮುಜುಗರ ತಂದಿತು. ‘ಚೆನ್ನಾಗಿದ್ದೀರಾ’ ಎಂದರೆ ‘ಚೆನ್ನಾಗಿದ್ದೇನೆ’ ಎನ್ನುವ ಜನ ನಾವು. ಆತ್ಮದ ಯೋಗಕ್ಷೇಮ ಕೇಳಿದರೆ ಎಲ್ಲರೂ ನೆಲ ನೋಡುತ್ತಿದ್ದರು, ಇಲ್ಲವೇ ಕಿರುಪ್ರಸಂಗ ಮಾಡುತ್ತಿದ್ದರು. ಪ್ರಶ್ನೆಯನ್ನು ಬದಲಿಸಿದವರು ಹಾಲಿನ ಡೇರಿಗೆ ಎರಡು ಹಸುವಿನ ಹಾಲು ಹಾಕುವ ಒಬ್ಬ ಅಕ್ಕ. ‘ಈ ವಾರ ದೇವರ ಹತ್ತಿರ ಹೇಳಿಕೊಳ್ಳಲು ನಾಚಿಕೆಯಾದದ್ದು ಏನು?’ ಎಂದು ಅವರು ಕೇಳಿ, ಮೊದಲು ತಾವೇ ಉತ್ತರಿಸಿದರು: ಹಾಲಿಗೆ ನೀರು ಬೆರೆಸಿದ್ದು. ಅಂದಿನಿಂದ ಕೂಟದ ಹದ ಬದಲಾಯಿತು. ಮುಖಂಡನಾದ ನಾನು ಆ ದಿನ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಕೊನೆಗೆ ಒಬ್ಬರಿಗಾಗಿ ಇನ್ನೊಬ್ಬರು ಪ್ರಾರ್ಥಿಸುತ್ತಾರೆ. ಕಾಫಿ ಮಾತ್ರ. ಒಬ್ಬರು ವಡೆ ಮಾಡಿದರೆ ಮುಂದಿನ ಮನೆಯವರು ಸಾಲ ಮಾಡಿ ಬೋಂಡ ಮಾಡುತ್ತಾರೆ, ಆದ್ದರಿಂದ ತಿಂಡಿ ನಿಷೇಧ.

ಅಲ್ಲಿ ಹೇಳಿದ್ದು ಊರಿಗೆಲ್ಲ ಹರಡಿದರೆ?

ಒಮ್ಮೆ ಹರಡಿದೆ. ತಪ್ಪು ನನ್ನದು. ಒಬ್ಬ ಹುಡುಗನ ಸಾಲದ ವಿಷಯವನ್ನು ಅವನಿಗೆ ಸಹಾಯವಾಗಲೆಂದು ಇನ್ನೊಬ್ಬರಿಗೆ ಹೇಳಿದೆ. ಮೂರು ದಿನದಲ್ಲಿ ಅದು ಅವನ ಮಾವನ ಮನೆ ಮುಟ್ಟಿತು. ಎಲ್ಲರ ಮುಂದೆ ಅವನ ಕ್ಷಮೆ ಕೇಳಿದೆ, ಆರು ತಿಂಗಳು ಮುಖಂಡತ್ವ ಬಿಟ್ಟು ಗುಂಪಿನಲ್ಲಿ ಒಬ್ಬನಾಗಿ ಕುಳಿತೆ. ಈಗಿನ ನಿಯಮ: ಕೂಟದ ಮಾತು ಹೆಂಡತಿಗೂ ಇಲ್ಲ, ಸಭಾಪಾಲಕರಿಗೂ ಇಲ್ಲ. ಸಭಾಪಾಲಕರ ಎರಡನೇ ತಿದ್ದುಪಡಿ ಇಲ್ಲಿತ್ತು. ತಮಗೆ ಗೊತ್ತಾಗಬೇಕಾದ ವಿಷಯಗಳೂ ಇರುತ್ತವೆ ಎಂಬುದು ಅವರ ಮಾತು. ಮಕ್ಕಳಿಗೆ ಅಥವಾ ಯಾರ ಜೀವಕ್ಕಾದರೂ ಅಪಾಯವಿದ್ದರೆ ಗುಟ್ಟಿನ ನಿಯಮ ನಿಲ್ಲುವುದಿಲ್ಲ, ಆಗ ಹೇಳಲೇಬೇಕು, ಅಷ್ಟನ್ನು ಒಪ್ಪುತ್ತೇನೆ. ಉಳಿದದ್ದರಲ್ಲಿ ನನ್ನ ನಿಲುವು ನನ್ನದು.

ಯಾವ ಭಾಷೆಯಲ್ಲಿ ನಡೆಯುತ್ತದೆ?

ಆರಾಧನೆ ಕನ್ನಡದಲ್ಲಿ. ಕೂಟದಲ್ಲಿ ಕೋಲಾರದ ಭಾಷೆ ಯಾವುದೋ ಅದರಲ್ಲಿ: ಓದುವುದು ಕನ್ನಡ, ಜಗಳ ತೆಲುಗು, ಚಿನ್ನದ ಗಣಿಯ ಕಡೆಯಿಂದ ಬಂದವರ ಪ್ರಾರ್ಥನೆ ತಮಿಳು. ದೇವರಿಗೆ ಮೂರೂ ಬರುತ್ತವೆ.

ನನಗೆ ಓದಲು ಬಾರದು.

ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ವಚನಗಳನ್ನು ಬಾಯಲ್ಲಿ ಇಟ್ಟುಕೊಂಡಿರುವವರು ಓದು ಬಾರದ ಅಜ್ಜಿ. ಕಥೆಯನ್ನು ಮೂರು ಸಲ ಓದಿಸಿ ಕೇಳುತ್ತಾರೆ, ನಾಲ್ಕನೇ ಸಲ ತಾವೇ ಹೇಳುತ್ತಾರೆ. ನಾವು ಪುಸ್ತಕ ನೋಡುತ್ತಾ ಅವರನ್ನು ತಿದ್ದಲು ಕಾಯುತ್ತೇವೆ, ಅವಕಾಶ ಸಿಗುವುದು ಅಪರೂಪ. ಮೊಬೈಲಿನಲ್ಲಿ ಕೇಳುವ ಸತ್ಯವೇದವೂ ಇದೆ.

ಶಿಫ್ಟ್ ಕೆಲಸ. ಭಾನುವಾರ ಬರಲಾಗುವುದಿಲ್ಲ. ಏನು ಮಾಡಲಿ?

ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗರು, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಎಲ್ಲರೂ ಕೇಳುವ ಪ್ರಶ್ನೆ ಇದು. ಬರಲಾಗದ ಭಾನುವಾರಕ್ಕೆ ಯಾರೂ ಗೈರುಹಾಜರಿ ಹಾಕುವುದಿಲ್ಲ. ಆದರೆ ಗುಂಪು ಬಿಡಬೇಡಿ. ರೈಲಿನಲ್ಲಿ ಹೋಗುವ ಐದು ಜನ ಒಂದೇ ಬೋಗಿಯಲ್ಲಿ ಕುಳಿತು ಕೂಟ ನಡೆಸುತ್ತಾರೆ. ಹಾಡುವುದಿಲ್ಲ, ಅಕ್ಕಪಕ್ಕದವರಿಗೆ ನಿದ್ದೆ ಬೇಕು. ಅದೂ ಪ್ರೀತಿಯ ಕೆಲಸವೇ.

ಮತಾಂತರ ಮಾಡುತ್ತೀರಾ?

ನೇರವಾಗಿ ಕೇಳಿದ್ದಕ್ಕೆ ನೇರ ಉತ್ತರ. ನಮಗೆ ಸುವಾರ್ತೆಯ ಬಗ್ಗೆ ಹೇಳುವ ಆಸೆ ಇದೆ, ಹೇಳುತ್ತೇವೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಪ್ರಚಾರ ಮಾಡುವ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನು ಹೇಳದಿದ್ದರೂ ನಮ್ಮ ನಂಬಿಕೆ ಅದನ್ನೇ ಹೇಳುತ್ತದೆ: ಮನುಷ್ಯನ ಹೃದಯ ತಿರುಗಿಸುವುದು ದೇವರ ಕೆಲಸ, ನಮ್ಮದಲ್ಲ. ಅಕ್ಕಿ, ಸೀಟು, ಕೆಲಸ, ಸಾಲ ಇವುಗಳಲ್ಲಿ ಯಾವುದನ್ನಾದರೂ ಷರತ್ತಾಗಿ ಇಟ್ಟು ಯಾರಾದರೂ ನಮ್ಮ ಸಭೆಯ ಹೆಸರು ಹೇಳಿದರೆ ಸಭಾಪಾಲಕರಿಗೆ ತಿಳಿಸಿ.

ದೀಕ್ಷಾಸ್ನಾನ ಕೇಳಿಕೊಂಡು ಬಂದವರನ್ನು ನಾವು ಕಾಯಿಸುತ್ತೇವೆ, ಕಡಿಮೆ ಎಂದರೂ ಒಂದು ವರ್ಷ. ಆ ವರ್ಷದಲ್ಲಿ ಕೂಟದಲ್ಲಿ ಕೂರಬೇಕು. ಮನೆಯವರಿಗೆ ತಾವೇ ಹೇಳಬೇಕು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕುವುದಿಲ್ಲವೇ ಎಂದು ಯೇಸು ಕೇಳಿದ ಮಾತು ಲೂಕ 14ರಲ್ಲಿದೆ, ಆ ಲೆಕ್ಕವನ್ನು ನಾವು ಬಾಯಿಬಿಟ್ಟು ಹೇಳುತ್ತೇವೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧ ಧರ್ಮದವರಿಗೆ ಮಾತ್ರ ಇದೆ. ಕ್ರೈಸ್ತರಾದ ದಲಿತರು ಅದನ್ನು ಕಳೆದುಕೊಳ್ಳುತ್ತಾರೆ. ಅದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ಆದರೂ ಗೊತ್ತಿದ್ದು ಹೇಳದೆ ನೀರಿಗಿಳಿಸುವುದು ಮೋಸ. ಲೆಕ್ಕ ಕೇಳಿ ಹಿಂದೆ ಸರಿದವರಿದ್ದಾರೆ. ಅವರು ಈಗಲೂ ಕೂಟಕ್ಕೆ ಬರುತ್ತಾರೆ.

ಮನೆಯವರು ಕ್ರೈಸ್ತರಲ್ಲ. ಹಬ್ಬ, ಪ್ರಸಾದ, ಮನೆದೇವರು ಇವೆಲ್ಲ ಹೇಗೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಸುಲಭದ ಉತ್ತರ ಕೊಡುವವರನ್ನು ನಂಬಬೇಡಿ.

ಗ್ರೀಸಿನ ಕೊರಿಂಥ ಊರಿನ ಮೊದಲ ಕ್ರೈಸ್ತರಿಗೂ ಇದೇ ತಾಪತ್ರಯ ಇತ್ತು. ಅಪೊಸ್ತಲ ಪೌಲನು ಅವರಿಗೆ ಬರೆದದ್ದರ ಸಾರ: ವಿಗ್ರಹಕ್ಕೆ ಹೆದರಬೇಕಾಗಿಲ್ಲ, ಮಾರುಕಟ್ಟೆಯಲ್ಲಿ ಸಿಗುವುದನ್ನು ವಿಚಾರಿಸದೆ ತಿನ್ನಿರಿ, ಊಟಕ್ಕೆ ಕರೆದರೆ ಹೋಗಿರಿ, ಇದು ನೈವೇದ್ಯ ಎಂದು ಯಾರಾದರೂ ಹೇಳಿದರೆ ಆ ಹೇಳಿದವನ ಮನಸ್ಸಾಕ್ಷಿಗಾಗಿ ಬಿಡಿರಿ. ಪೂಜೆಯಲ್ಲಿ ಪಾಲುಗೊಳ್ಳುವುದನ್ನು ಮಾತ್ರ ಅವನು ಸ್ಪಷ್ಟವಾಗಿ ಬೇಡವೆನ್ನುತ್ತಾನೆ. ನಾವು ಆ ಗೆರೆಯ ಮೇಲೆ ನಡೆಯಲು ನೋಡುತ್ತೇವೆ, ಕಾಲು ಜಾರುವುದೂ ಉಂಟು.

ಒಬ್ಬ ಹುಡುಗ ಹೊಸ ಉತ್ಸಾಹದಲ್ಲಿ ಯುಗಾದಿಯ ಒಬ್ಬಟ್ಟು ಮುಟ್ಟಲಿಲ್ಲ. ಮಾರನೆಯ ದಿನ ಹೊಸತೊಡಕಿನ ಬಾಡೂಟಕ್ಕೂ ಕೂರದೆ ಕೋಣೆಯ ಬಾಗಿಲು ಹಾಕಿಕೊಂಡ. ತಾಯಿ ಊಟ ಬಿಟ್ಟರು. ಅವನು ಅದನ್ನು ಸಾಕ್ಷಿ ಎಂದು ಕೂಟದಲ್ಲಿ ಹೆಮ್ಮೆಯಿಂದ ಹೇಳಿದಾಗ ಓದು ಬಾರದ ಅಜ್ಜಿ ಕೇಳಿದರು: ‘ಹೊಸತೊಡಕಿನ ಮರಿ ಯಾವ ದೇವರದಪ್ಪಾ, ಕಸಾಯಿ ಅಂಗಡಿಯದಲ್ಲವೇ? ನಿಮ್ಮಮ್ಮ ನಿನ್ನನ್ನು ಹೆತ್ತಾಗಿನಿಂದ ಅಡುಗೆ ಮಾಡುತ್ತಿದ್ದಾಳೆ. ಪಾತ್ರೆ ಒಂದು ದಿನವಾದರೂ ತೊಳೆದಿದ್ದೀಯಾ?’ ಆ ಹುಡುಗ ಅಂದಿನಿಂದ ಪಾತ್ರೆ ತೊಳೆಯುತ್ತಾನೆ. ಪೂಜೆಗೆ ನಿಲ್ಲುವುದಿಲ್ಲ, ಅದನ್ನು ತಾಯಿಗೆ ಮೆಲ್ಲಗೆ ಹೇಳಿದ್ದಾನೆ. ತಾಯಿ ನೈವೇದ್ಯಕ್ಕೆ ಮೊದಲೇ ಅವನ ಪಾಲಿನ ಒಬ್ಬಟ್ಟು ಎತ್ತಿಡುತ್ತಾರೆ. ಇಂಥ ಒಪ್ಪಂದ ಯಾವ ಪಾಠಪುಸ್ತಕದಲ್ಲೂ ಇಲ್ಲ.

ಸಭೆಯೊಳಗೆ ಜಾತಿ ಇಲ್ಲವೇ?

ಇರಬಾರದು. ಕರ್ತನ ಭೋಜನದ ಮೇಜಿನಲ್ಲಿ ಇಲ್ಲ, ಕೂಟದ ಚಾಪೆಯ ಮೇಲೆ ಬಹುಪಾಲು ಇಲ್ಲ, ಮದುವೆಯ ಮಾತುಕತೆಯಲ್ಲಿ ಇದೆ. ‘ಮೂಲ ಯಾವುದು’ ಎಂದು ಪಿಸುಮಾತಿನಲ್ಲಿ ಕೇಳುವ ಹಿರಿಯರು ನಮ್ಮಲ್ಲೂ ಇದ್ದಾರೆ. ದಲಿತ ಚಳವಳಿ ಬೆಳೆದ ಈ ಜಿಲ್ಲೆಯಲ್ಲಿ ಕುಳಿತು ಬೇರೆ ಹೇಳಿದರೆ ಯಾರು ನಂಬುತ್ತಾರೆ? ಗುಂಪುಗಳನ್ನು ಬೀದಿವಾರು ಮಾಡಬಾರದು ಎಂದು ನಾವು ಹಟ ಹಿಡಿದಿರುವುದು ಇದಕ್ಕಾಗಿ. ಬೀದಿ ಎಂದರೆ ನಮ್ಮ ಕಡೆ ಜಾತಿ ಎಂದೇ ಅರ್ಥ.

ಕಾಯಿಲೆಗೆ ಪ್ರಾರ್ಥನೆ ಮಾಡುತ್ತೀರಾ?

ಮಾಡುತ್ತೇವೆ, ಎಣ್ಣೆ ಹಚ್ಚಿಯೂ ಮಾಡುತ್ತೇವೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಆಸ್ಪತ್ರೆ ಕಟ್ಟಿದ ಮಿಷನ್ನಿನ ಮಕ್ಕಳು ನಾವು.

ಹಣದ ವಿಷಯ?

ಕಾಣಿಕೆ ಸ್ವಇಚ್ಛೆ. ದಶಮಾಂಶವನ್ನು ಕಲಿಸುತ್ತೇವೆ, ವಸೂಲಿ ಮಾಡುವುದಿಲ್ಲ. ಸಾಲದಲ್ಲಿರುವವರು ಮೊದಲು ಸಾಲ ತೀರಿಸಲಿ ಎಂಬುದು ನನ್ನ ಸಲಹೆ. ಸುಗ್ಗಿ ಹಬ್ಬದಲ್ಲಿ ರಾಗಿ, ಕುಂಬಳಕಾಯಿ, ಕೋಳಿ ತಂದು ಹರಾಜು ಹಾಕುತ್ತೇವೆ. ಒಂದು ಹುಂಜವನ್ನು ಮೂವರು ಕೊಂಡು ಮತ್ತೆ ಹರಾಜಿಗೇ ಬಿಟ್ಟರೆ ಆ ವರ್ಷದ ಛಾವಣಿ ರಿಪೇರಿ ಮುಗಿಯುತ್ತದೆ. ಲೆಕ್ಕ ಪ್ರತಿ ತಿಂಗಳು ಬಾಗಿಲಿಗೆ ಅಂಟಿಸಿರುತ್ತದೆ.

ನನಗೆ ಸಂಶಯ ಬಂದಿದೆ. ಪ್ರಾರ್ಥನೆ ಮಾಡಲಾಗುತ್ತಿಲ್ಲ. ಗುಂಪು ಬಿಡಲೇ?

ರೇಷ್ಮೆ ಸಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ನಿಂತುಬಿಡುತ್ತದೆ. ಗೊತ್ತಿಲ್ಲದವನಿಗೆ ಹುಳು ಸತ್ತಂತೆ ಕಾಣುತ್ತದೆ. ಗೊತ್ತಿರುವ ರೈತ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಕೋಣೆಗೆ ಗಾಳಿಯಾಡಲು ಬಿಟ್ಟು, ಕೈ ಹಚ್ಚದೆ ಕಾಯುತ್ತಾನೆ. ಒಳಗೆ ಹಳೆಯ ಚರ್ಮ ಬಿಗಿಯಾಗಿದೆ, ಅದನ್ನು ಕಳಚದೆ ಹುಳು ದೊಡ್ಡದಾಗುವಂತಿಲ್ಲ.

ಸಂಶಯಪಟ್ಟವನ ಬಾಯಿಗೆ ವಚನ ತುರುಕುವುದು ಜ್ವರದ ಹುಳುವಿಗೆ ಸೊಪ್ಪು ಹೇರಿದಂತೆ. ನಾನು ಇದನ್ನು ನನ್ನ ಮಗನ ವಿಷಯದಲ್ಲೇ ತಪ್ಪಾಗಿ ಮಾಡಿದೆ. ಹಾಗಾಗಿ ನಿಮಗೆ ಹೇಳುವುದು ಇಷ್ಟೇ: ಕೂಟಕ್ಕೆ ಬನ್ನಿ, ಮಾತಾಡಬೇಡಿ, ಪ್ರಾರ್ಥಿಸಬೇಡಿ, ಕಾಫಿ ಕುಡಿದು ಹೋಗಿ. ನಿಮ್ಮ ಪಾಲಿನ ಪ್ರಾರ್ಥನೆಯನ್ನು ಉಳಿದವರು ಮಾಡುತ್ತಾರೆ. ಮತ್ತಾಯ 28ರಲ್ಲಿ ಗುಡ್ಡದ ಮೇಲೆ ಯೇಸುವನ್ನು ಕಂಡ ಹನ್ನೊಂದು ಜನರ ಬಗ್ಗೆ ಹೇಳುತ್ತಾ ‘ಕೆಲವರು ಸಂಶಯಪಟ್ಟರು’ ಎಂದಿದೆ. ಶಿಷ್ಯರನ್ನು ಮಾಡಿರಿ ಎಂಬ ಅಪ್ಪಣೆ ಸಿಕ್ಕಿದ್ದು ಅವರಿಗೂ ಸೇರಿಯೇ.

ಎಷ್ಟು ಜನ ಶಿಷ್ಯರಾದರು? ಲೆಕ್ಕ ಇದೆಯೇ?

ಹಾಜರಿ ಪುಸ್ತಕ ಇದೆ, ಅದು ಲೆಕ್ಕವಲ್ಲ. ಪೌಲನು ತಿಮೊಥೆಯನಿಗೆ ಬರೆದ ಎರಡನೇ ಪತ್ರದಲ್ಲಿ ಒಂದೇ ವಚನದೊಳಗೆ ನಾಲ್ಕು ತಲೆಮಾರು ಇವೆ: ಪೌಲ, ತಿಮೊಥೆಯ, ನಂಬಿಗಸ್ತರಾದ ಜನ, ಅವರಿಂದ ಕಲಿಯುವ ಇತರರು. ನಾವು ನೋಡುವುದು ಅದನ್ನು. ನನ್ನ ಗುಂಪಿನಿಂದ ಇಬ್ಬರು ಹೊರಟು ತಮ್ಮ ಗುಂಪು ನಡೆಸುತ್ತಿದ್ದಾರೆ. ಅವರಲ್ಲಿ ಒಬ್ಬರು ಹಾಲಿನ ಅಕ್ಕ. ಅವರ ಗುಂಪಿನಿಂದ ಇನ್ನೊಂದು ಹುಟ್ಟಿದೆ. ಹನ್ನೊಂದು ವರ್ಷಕ್ಕೆ ಇಷ್ಟು. ಬದುವಿನ ಜಗಳದವರು ಹೋದ ವರ್ಷ ತಮ್ಮನ ಮನೆಯಲ್ಲಿ ಊಟ ಮಾಡಿದರು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕು ಎಂದು ಜಿಲ್ಲಾ ವರದಿಯ ನಮೂನೆಯಲ್ಲಿ ಹುಡುಕಿದೆ, ಜಾಗ ಇರಲಿಲ್ಲ.

ಮಕ್ಕಳಿಗೆ?

ಸಂಡೇ ಸ್ಕೂಲ್ ಇದೆ. ಶಿಶುಗಳಿಗೆ ದೀಕ್ಷಾಸ್ನಾನ ಕೊಡುತ್ತೇವೆ. ಬೆಳೆದ ಮೇಲೆ ತಮ್ಮ ನಂಬಿಕೆಯನ್ನು ಅವರೇ ಎದ್ದು ನಿಂತು ಹೇಳುವುದು ದೃಢೀಕರಣದ ದಿನ. ಹತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಅದನ್ನು ಮುಂದೂಡುವ ತಂದೆ ತಾಯಂದಿರ ಜೊತೆ ನನ್ನ ವಾದ ಇನ್ನೂ ನಡೆದಿದೆ.

ಸುಮ್ಮನೆ ಬಂದು ನೋಡಬಹುದೇ?

ಬನ್ನಿ. ಯಾರೂ ಹೆಸರು, ಫೋನ್ ನಂಬರ್ ಬರೆಸಿಕೊಳ್ಳುವುದಿಲ್ಲ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ಕೂರುವುದು ರೂಢಿ. ಕಡ್ಡಾಯವೇನಲ್ಲ, ಸಂಸಾರ ಸಮೇತ ಬಂದವರು ಒಟ್ಟಿಗೆ ಕೂರುತ್ತಾರೆ. ಕಾಣಿಕೆ ಚೀಲ ಬಂದರೆ ಪಕ್ಕದವರಿಗೆ ದಾಟಿಸಿಬಿಡಿ. ಹಾಡು ಗೊತ್ತಿಲ್ಲದಿದ್ದರೆ ಪುಸ್ತಕ ಕೇಳಿ. ಚಪ್ಪಲಿಯನ್ನು ಬಾಗಿಲಿನ ಎಡಗಡೆ ಬಿಡಿ, ಬಲಗಡೆ ಇರುವೆ ಗೂಡು ಇದೆ.